ಎಳೆ ಸೇಬಿನ ಮೇಲೆ ಕೂತ ನೀರು

ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಬಣ್ಣ ನೋಡುವ ಕೆಲಸ ಮಾಡುತ್ತಿದ್ದೇನೆ. ಕಬ್ಬಿಣದ ಬಿಡಿಭಾಗಗಳು ಬಣ್ಣ ಒಣಗಿಸಿಕೊಂಡು ನನ್ನ ಮೇಜಿಗೆ ಬರುತ್ತವೆ. ಒಂದೊಂದನ್ನೂ ದೀಪದ ಕೆಳಗೆ ಹಿಡಿದು, ಎಲ್ಲಾದರೂ ಗುಳ್ಳೆ ಎದ್ದಿದೆಯೇ, ಕೂದಲಿನಷ್ಟು ಸಣ್ಣ ಬಿರುಕಾದರೂ ಬಿಟ್ಟಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡುತ್ತೇನೆ. ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ಕೆಂಪು ಚೀಟಿ ಹಚ್ಚಿದ ಮೇಲೆ ತಪ್ಪು ಯಾರ ಕೈಯಲ್ಲಿ ಆಯಿತು ಎಂದು ಬರೆಯುವ ಕಾಲಂ ಒಂದಿದೆ. ಅದನ್ನು ಬರೆಯುವುದೂ ನನ್ನ ಕೆಲಸವೇ. ಇಷ್ಟು ವರ್ಷದಲ್ಲಿ ಆ ಕಾಲಂ ತುಂಬುವಾಗ ನಾನು ಹಿಂದೆಮುಂದೆ ನೋಡಿದ್ದು ನೆನಪಿಲ್ಲ.

ನನ್ನದು ತುಮಕೂರಿನ ಬಟವಾಡಿಯಲ್ಲಿ ಒಂದು ಬಾಡಿಗೆ ಮನೆ, ಮೇಲಿನ ಮಹಡಿ. ಮದುವೆಯಾಗಲಿಲ್ಲ. ಭಾನುವಾರ ಬೆಳಿಗ್ಗೆ ಗುಬ್ಬಿಯ ಬಸ್ಸು ಹತ್ತಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು, ಹಾಗಲವಾಡಿ ಕಡೆಯ ಅಕ್ಕನ ಊರಿಗೆ ಹೋಗುವುದು ರೂಢಿ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಭಾವ ಹೈಸ್ಕೂಲಿನಲ್ಲಿ ಗುಮಾಸ್ತರಾಗಿ ರಿಟೈರ್ ಆದವರು. ರಿಟೈರ್ ಆದ ವರ್ಷವೇ, ರಾಗಿ ಬೆಳೆಯುತ್ತಿದ್ದ ಅರ್ಧ ಎಕರೆಯಲ್ಲಿ ಸೇಬಿನ ಸಸಿ ಹಾಕಿದರು. ಬಿಸಿಲು ಸೀಮೆಯಲ್ಲೂ ಬರುವ ತಳಿ ಎಂದು ಯಾರೋ ಮೊಬೈಲಿನಲ್ಲಿ ತೋರಿಸಿದ್ದರಂತೆ. ಅರವತ್ತು ಸಸಿ. ಊರಿನವರು ಬೇಲಿಯಾಚೆ ನಿಂತು ನೋಡಿ ಹೋಗುತ್ತಿದ್ದರು.

ಸಸಿ ತಂದವರು ಭಾವ, ಸಾಕಿದವಳು ಅಕ್ಕ. ಕೊಂಬೆಗಳು ನೆಟ್ಟಗೆ ಮೇಲಕ್ಕೆ ಹೋಗದಂತೆ ಕಲ್ಲು ಕಟ್ಟಿ ಬಾಗಿಸಿದಳು. ನಮ್ಮ ಕಡೆ ಸೇಬಿನ ಗಿಡ ಚಳಿಗೆ ತಾನಾಗಿ ಎಲೆ ಉದುರಿಸುವುದಿಲ್ಲ. ಎಲೆ ಉದುರದಿದ್ದರೆ ಹೂ ಸರಿಯಾಗಿ ಬರುವುದಿಲ್ಲ. ಅದಕ್ಕೆ ಡಿಸೆಂಬರಿನಲ್ಲಿ ಗಿಡದ ಒಂದೊಂದು ಎಲೆಯನ್ನೂ ಕೈಯಲ್ಲೇ ಕಿತ್ತು ಹಾಕಬೇಕು. ಅರವತ್ತು ಗಿಡದ ಎಲೆಯನ್ನೂ ಅಕ್ಕ ಒಬ್ಬಳೇ ಕಿತ್ತಳು. ಮೂರನೇ ವರ್ಷ, ಸಂಕ್ರಾಂತಿ ಹೊತ್ತಿಗೆ, ಬೋಳು ಕೊಂಬೆಗಳ ಮೇಲೆ ತಿಳಿ ಗುಲಾಬಿ ಬಣ್ಣದ ಹೂ ಬಂತು. ಹೂ ಉದುರಿ ಗೋಲಿಯಷ್ಟು ದಪ್ಪದ ಕಾಯಿ ಕಚ್ಚಿತು. ಒಂದೊಂದರ ಮೈಮೇಲೂ ಬೂದಿ ಬಣ್ಣದ ಸಣ್ಣ ರೋಮ.

ಅದೇ ಸಮಯಕ್ಕೆ ತೋಟದ ಪಕ್ಕದ ರಸ್ತೆ ಅಗೆದು ಜಲ್ಲಿ ಸುರಿದಿದ್ದರು. ಟಿಪ್ಪರ್ ಒಂದು ಸಲ ಹೋದರೆ ಕೆಂಪು ಧೂಳು ಗಿಡಗಳ ಮೇಲೆ ಹೊದಿಕೆಯ ಹಾಗೆ ಬೀಳುತ್ತಿತ್ತು. ಭಾವ ಒಂದು ಭಾನುವಾರ ಎಳೆಗಾಯಿಯೊಂದನ್ನು ಬೆರಳಲ್ಲಿ ಒರೆಸಿ ತೋರಿಸಿದರು.

"ಹಿಂಗೆ ಧೂಳು ಕೂತ್ರೆ ಕಾಯಿ ದಪ್ಪ ಆಗ್ತದಾ?"

ನಾನು ಹೇಳಿದೆ, "ತೊಳೀರಿ ಭಾವ. ನಮ್ಮ ಫ್ಯಾಕ್ಟರೀಲಿ ಬಣ್ಣ ಹೊಡೆಯೋಕೆ ಮುಂಚೆ ಧೂಳು ಒಂದು ಕಣ ಇದ್ರೂ ಬಿಡಲ್ಲ. ಧೂಳು ಕೂತ ಕಡೆ ಬಣ್ಣ ಹಿಡಿಯಲ್ಲ. ಸಾಯಂಕಾಲ ಮೋಟರು ಹಾಕಿ ಪೈಪಲ್ಲಿ ಗಿಡ ಪೂರ್ತಿ ನೆನೆಯಂಗೆ ಹೊಡೀರಿ."

ಅಕ್ಕ ಒಂದು ಎಳೆಗಾಯಿಯ ಕೆಳಗೆ ಬೆರಳಿಟ್ಟು ನೋಡಿದಳು. ಆಮೇಲೆ, "ದಿನಾ ನೆನೆಸಿದ್ರೆ ಏನೂ ಆಗಲ್ವೇನೇ?" ಎಂದಳು.

"ನೀರಿಂದ ಏನಾಗುತ್ತೆ" ಎಂದೆ.

ಪೈಪಿನ ತುದಿಗೆ ಸಣ್ಣ ತೂತಿನ ಮೂತಿ ಹಾಕಿಕೊಟ್ಟವಳೂ ನಾನೇ. ಅವತ್ತು ಮೊದಲ ಸಾಲನ್ನು ನಾನೇ ತೊಳೆದೆ. ಅಲ್ಲಿಂದ ಒಂದು ತಿಂಗಳು ಭಾವ ಪ್ರತಿ ಸಂಜೆ ತೊಳೆದರು. ಸಂಜೆ ನಿಂತ ನೀರು ಆರುವಷ್ಟರಲ್ಲಿ ಇಬ್ಬನಿ ಬೀಳುತ್ತಿತ್ತು. ಬೆಳಿಗ್ಗೆ ಎಂಟರ ಬಿಸಿಲು ಬರುವ ತನಕ ಕಾಯಿಗಳ ಬುಡದಲ್ಲಿ ಹನಿ ಹಾಗೇ ತೂಗುತ್ತಿತ್ತು. ನೋಡಲು ಚೆಂದ ಇತ್ತು. ನಾನು ಫೋಟೋ ಕೂಡ ತೆಗೆದಿದ್ದೆ.

ಫೆಬ್ರವರಿ ಕೊನೆಗೆ ರಸ್ತೆ ಕೆಲಸ ನಿಂತಿತು. ತೊಳೆಯುವುದೂ ನಿಂತಿತು. ಕಾಯಿ ಹಸಿರಾಗಿ, ನಯವಾಗಿಯೇ ಇತ್ತು. ಮಾರ್ಚಿ ಮೊದಲ ವಾರ ಚಿಗುರಿಗೆ ಹೇನು ಬಿತ್ತೆಂದು ಅಕ್ಕ ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಒಂದೇ ಒಂದು ಸಲ ಸಿಂಪಡಿಸಿದಳು. ಭಾವ ಅವತ್ತು ಒಂದು ಮದುವೆಗೆಂದು ತಿಪಟೂರಿಗೆ ಹೋಗಿದ್ದರು. ಅದಾದ ವಾರಕ್ಕೆ ಕಾಯಿಗಳ ಮೇಲೆ ಕಂದು ಬಣ್ಣ ಕಾಣಿಸಿಕೊಂಡಿತು. ಮೊದಲು ತೊಟ್ಟಿನ ಸುತ್ತ, ಆಮೇಲೆ ಕೆನ್ನೆಗೆ. ಮುಟ್ಟಿದರೆ ಒರಟು, ಸಪೋಟದ ಸಿಪ್ಪೆಯ ಹಾಗೆ. ಏಪ್ರಿಲ್ ಹೊತ್ತಿಗೆ ಇಡೀ ತೋಟದಲ್ಲಿ ನಯವಾದ ಕಾಯಿ ಹುಡುಕಬೇಕಾಗಿತ್ತು.

ಭಾವ ಲೆಕ್ಕ ಹಾಕಿದರು. ಸೋಪಿನ ನೀರು ಬಿತ್ತು, ವಾರಕ್ಕೆ ಸಿಪ್ಪೆ ಸುಟ್ಟಿತು. ಅದರಲ್ಲಿ ಅನುಮಾನ ಪಡುವಂಥದ್ದು ಯಾರಿಗೂ ಕಾಣಲಿಲ್ಲ, ನನಗೂ ಕೂಡ.

ಜೂನಿನಲ್ಲಿ ಎರಡು ಕ್ರೇಟು ಹಣ್ಣು ಆಟೋದಲ್ಲಿ ಹಾಕಿಕೊಂಡು ತುಮಕೂರಿನ ಒಬ್ಬ ಹಣ್ಣಿನ ವ್ಯಾಪಾರಿಯ ಹತ್ತಿರ ಹೋದೆವು. ಭಾವ, ಅಕ್ಕ, ನಾನು. ವ್ಯಾಪಾರಿ ಒಂದು ಹಣ್ಣನ್ನು ಕೈಯಲ್ಲಿ ತಿರುಗಿಸಿ ನೋಡಿ, ಕುಯ್ದು ತಿಂದ.

"ರುಚಿ ಚೆನ್ನಾಗೈತೆ ಸ್ವಾಮಿ. ಆದ್ರೆ ಗಿರಾಕಿ ತಿಂದು ತಗೊಳಲ್ಲ, ನೋಡಿ ತಗೊಳೋದು. ಇದನ್ನ ಸಪೋಟದ ಪಕ್ಕ ಇಡ್ಲಾ, ಆಪಲ್ ಪಕ್ಕ ಇಡ್ಲಾ, ನೀವೇ ಹೇಳಿ."

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ಭಾವ ಅಕ್ಕನ ಕಡೆ ಕೈ ತೋರಿಸಿ, "ನಮ್ಮನೆಯವಳ ಕೈಗುಣ. ನಾನಿಲ್ದಾಗ ಸೋಪು ನೀರು ಹೊಡೆದು ಸುಟ್ಟಾಕವ್ಳೆ" ಎಂದರು. ಜೋರಾಗಿ ಹೇಳಲಿಲ್ಲ, ನಗುತ್ತಲೇ ಹೇಳಿದರು. ಅಕ್ಕ ಕ್ರೇಟಿನ ಮೇಲೆ ಹೊದಿಸಿದ್ದ ಗೋಣಿಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋಗಿ ನಿಂತಳು.

ಮರುದಿನದಿಂದ ಅವಳು ಸೇಬಿನ ತೋಟಕ್ಕೆ ಕಾಲಿಡಲಿಲ್ಲ. ಜಗಳವೇನೂ ಆಗಲಿಲ್ಲ. ಅಡುಗೆ ಮಾಡುತ್ತಿದ್ದಳು, ಹಸು ನೋಡಿಕೊಳ್ಳುತ್ತಿದ್ದಳು, ತೆಂಗಿನ ತೋಟಕ್ಕೆ ಹೋಗುತ್ತಿದ್ದಳು. ಹೋಗಲು ಸೇಬಿನ ಸಾಲುಗಳ ನಡುವಿನ ಕಾಲುದಾರಿ ಹತ್ತಿರವಾದರೂ ಕೆರೆ ಏರಿಯ ಮೇಲೆ ಸುತ್ತಿ ಹೋಗುತ್ತಿದ್ದಳು. ಭಾವ ಇದನ್ನು ಗಮನಿಸಿದರೋ ಇಲ್ಲವೋ ಗೊತ್ತಿಲ್ಲ. ಬಂದವರಿಗೆಲ್ಲ ಸೋಪಿನ ಕಥೆ ಹೇಳುವುದನ್ನಂತೂ ನಿಲ್ಲಿಸಲಿಲ್ಲ.

ಆ ಜುಲೈನಲ್ಲಿ ನಮ್ಮ ಕಾರ್ಖಾನೆಯ ಸಹೋದ್ಯೋಗಿಯೊಬ್ಬಳ ಮನೆಯ ಗೃಹಪ್ರವೇಶಕ್ಕೆ ಕುಣಿಗಲ್‌ಗೆ ಹೋಗಿದ್ದೆ. ಅವಳ ಅತ್ತಿಗೆ ಊರಾಚೆ ನರ್ಸರಿ ಇಟ್ಟಿದ್ದರು. ತೋಟಗಾರಿಕೆ ಓದಿದವರು, ಸೇಬಿನ ಗಿಡವನ್ನೂ ಬೆಳೆಸಿದ್ದರು. ಊಟವಾದ ಮೇಲೆ ನಾನು ಬ್ಯಾಗಿನಲ್ಲಿದ್ದ ಒಂದು ಒರಟು ಹಣ್ಣನ್ನು ತೆಗೆದು ಅವರಿಗೆ ತೋರಿಸಿದೆ. ಸೋಪಿನ ವಿಷಯ ಹೇಳಿದೆ.

ಅವರು ಉಗುರಿನಿಂದ ಕಂದು ಸಿಪ್ಪೆಯನ್ನು ಕೆರೆದು ನೋಡಿದರು. "ಸೋಪಿಂದ ಸುಟ್ಟಿದ್ದಲ್ಲ ಇದು. ಸುಟ್ರೆ ಕಲೆ ಬೇರೆ ಥರ ಇರುತ್ತೆ. ಕಾಯಿ ಗೋಲಿಯಷ್ಟಿದ್ದಾಗ ಮಳೆ ಬಂದಿತ್ತಾ?"

"ಇಲ್ಲ."

"ಮಂಜು?"

"ಇಬ್ಬನಿ ಬೀಳ್ತಿತ್ತು, ಎಲ್ಲ ಕಡೆ ಬಿದ್ದಂಗೆ."

"ನೀರು ಮೇಲಿಂದ ಬಿಡ್ತಿದ್ರಾ?"

ಧೂಳು ತೊಳೆಯುತ್ತಿದ್ದದ್ದನ್ನು ಹೇಳಿದೆ. ಅವರು ತಲೆಯಾಡಿಸಿದರು. ನಂತರ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಸೇಬಿನ ಸಿಪ್ಪೆಯ ಮೇಲೆ ಮೇಣದಂಥ ತೆಳು ಪದರವೊಂದಿರುತ್ತದೆ. ಹೂ ಉದುರಿದ ಮೊದಲ ನಾಲ್ಕಾರು ವಾರ ಕಾಯಿ ಬಹಳ ಬೇಗ ಹಿಗ್ಗುತ್ತದೆ, ಆ ಪದರವೂ ಅದರ ಜೊತೆ ಹಿಗ್ಗಬೇಕು. ಆಗ ಅದರ ಮೇಲೆ ನೀರು ಗಂಟೆಗಟ್ಟಲೆ ಕೂತರೆ ಪದರ ಕಣ್ಣಿಗೆ ಕಾಣದ ಹಾಗೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಕಡೆ ಕಾಯಿ ಒಳಗಿನಿಂದ ಬೆಂಡಿನಂಥ ಒರಟು ಚರ್ಮ ಕಟ್ಟಿಕೊಳ್ಳುತ್ತದೆ. ಒಳಗಿನ ತೇವ ಆರಿಹೋಗದಿರಲೆಂದು ಕಾಯಿಯೇ ಮಾಡಿಕೊಳ್ಳುವ ಏರ್ಪಾಡು ಅದು. ಕಾಯಿ ಬಲಿತ ಮೇಲೆ ಎಷ್ಟು ಮಳೆ ಬಂದರೂ ಹೀಗೆ ಒರಟಾಗುವುದಿಲ್ಲ.

"ಆದ್ರೆ ನಾವು ತೊಳೆಯೋದು ನಿಲ್ಲಿಸಿದಾಗ ಕಾಯಿ ನಯವಾಗಿತ್ತಲ್ಲ ಮೇಡಂ" ಎಂದೆ.

"ಅದೇ ಇದರ ಮೋಸ. ಒದ್ದೆ ಇದ್ದಾಗ ಏನೂ ಕಾಣಲ್ಲ. ನೀರು ಹೊಡೆಯೋದು ನಿಂತ ಮೇಲೆ ಒರಟು ಚರ್ಮ ಕಟ್ಟೋಕೆ ಶುರುವಾಗುತ್ತೆ. ಎರಡು ಮೂರು ವಾರ ಬಿಟ್ಟು ಕಣ್ಣಿಗೆ ಕಾಣುತ್ತೆ. ಆ ಹೊತ್ತಿಗೆ ಜನ ನೀರನ್ನ ಮರೆತಿರ್ತಾರೆ."

ಕುಣಿಗಲ್‌ನಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಫೆಬ್ರವರಿ ಕೊನೆ, ಮಾರ್ಚಿ ಮೊದಲ ವಾರ, ಮಾರ್ಚಿ ಎರಡನೇ ವಾರ ಎಂದು ಮನಸ್ಸಿನಲ್ಲೇ ಜೋಡಿಸಿ ನೋಡಿದೆ. ಹೊಂದಿಕೊಂಡಿತು. ಅಕ್ಕನ ಸೋಪಿನ ನೀರು ಬಿದ್ದಾಗ ಬಿರುಕು ಆಗಲೇ ಬಿಟ್ಟಾಗಿತ್ತು.

ಮುಂದಿನ ಭಾನುವಾರ ಅಕ್ಕನ ಊರಿಗೆ ಹೋದೆ. ಹೇಳಬೇಕೆಂದೇ ಹೋದದ್ದು. ಅವತ್ತು ಭಾವನ ತಮ್ಮನ ಮನೆಯವರು ಬಂದಿದ್ದರು, ಹೇಳಲಿಲ್ಲ. ಅದರ ಮುಂದಿನ ವಾರ ಯಾರೂ ಇರಲಿಲ್ಲ, ಆಗಲೂ ಹೇಳಲಿಲ್ಲ. ಕುಣಿಗಲ್‌ನವರು ಹೇಳಿದ್ದು ಒಬ್ಬರ ಮಾತು, ಪರೀಕ್ಷೆ ಮಾಡದೆ ಒಪ್ಪಬಾರದು, ಮುಂದಿನ ವರ್ಷ ಕಾಯಿ ಕಚ್ಚಿದಾಗ ನಾನೇ ನೋಡಿ ಖಚಿತ ಮಾಡಿಕೊಂಡು ಹೇಳುತ್ತೇನೆ ಎಂದುಕೊಂಡೆ. ಕಾರ್ಖಾನೆಯಲ್ಲಿ ಹೀಗೆ ಯೋಚಿಸುವುದು ಸರಿ. ಇಲ್ಲಿ ಅದು ದಿನ ತಳ್ಳುವ ಉಪಾಯ ಎಂದು ನನಗೆ ಆಗಲೂ ಗೊತ್ತಿತ್ತು.

ಆ ವರ್ಷ ಡಿಸೆಂಬರಿನಲ್ಲಿ ಎಲೆ ಕೀಳಲು ಭಾವ ಇಬ್ಬರು ಆಳುಗಳನ್ನು ಕರೆದರು. ರಸ್ತೆಗೆ ಟಾರು ಬಿದ್ದಿತ್ತು, ಧೂಳಿರಲಿಲ್ಲ, ತೊಳೆಯುವ ಮಾತೂ ಬರಲಿಲ್ಲ. ಫೆಬ್ರವರಿಯಲ್ಲಿ ಕಾಯಿ ಗೋಲಿಯಷ್ಟಾದಾಗ ನಾನು ಹತ್ತು ದಿನ ರಜೆ ಹಾಕಿ ಅಕ್ಕನ ಮನೆಗೆ ಹೋದೆ. ಕೊನೆಯ ಸಾಲಿನ ಎರಡು ಗಿಡಗಳಲ್ಲಿ ಇಪ್ಪತ್ತು ಕಾಯಿ ಆರಿಸಿದೆ. ಹತ್ತು ಕಾಯಿಗೆ ಒಂದೇ ಕೆನ್ನೆಯ ಮೇಲೆ ಒದ್ದೆ ಹತ್ತಿ ಇಟ್ಟು, ಮೇಲೊಂದು ಪ್ಲಾಸ್ಟಿಕ್ ಚೂರು ಮುಚ್ಚಿ, ಬ್ಯಾಂಡೇಜು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿದೆ. ಇನ್ನು ಹತ್ತಕ್ಕೆ ಒಣ ಬಟ್ಟೆ ಮಾತ್ರ ಸುತ್ತಿದೆ. ದಿನಕ್ಕೆ ಮೂರು ಸಲ ಹೋಗಿ ಹತ್ತಿಯನ್ನು ನೆನೆಸಿ ಬರುತ್ತಿದ್ದೆ.

"ಏನ್ ಔಷಧಿ ಅದು?" ಎಂದು ಭಾವ ಕೇಳಿದರು.

"ಬರೀ ನೀರು. ಆಮೇಲೆ ಹೇಳ್ತೀನಿ."

ಅಕ್ಕ ಅಷ್ಟೂ ಕೇಳಲಿಲ್ಲ. ಪ್ರತಿ ಸಲ ನಾನು ತೋಟದಿಂದ ಬಂದಾಗ ಕಾಫಿ ಕೊಟ್ಟು, ನನ್ನ ಕೈ ಕಡೆ ಒಂದು ಸಲ ನೋಡಿ, ಒಳಗೆ ಹೋಗುತ್ತಿದ್ದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಎಲ್ಲ ಬಿಚ್ಚಿದೆ. ಬರಿಗಣ್ಣಿಗೆ ಇಪ್ಪತ್ತು ಕಾಯಿಯೂ ಒಂದೇ ಥರ. ಕಾರ್ಖಾನೆಯಿಂದ ತಂದಿದ್ದ ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ನೋಡಿದೆ. ಒದ್ದೆ ಹತ್ತಿ ಕಟ್ಟಿದ್ದ ಕಡೆ ಹೊಳಪಿನ ನಡುವೆ ಬಲೆಯ ಹಾಗೆ ಸಣ್ಣ ಗೆರೆಗಳು. ಬೇಗ ಒಣಗಿಸಿದ ಬಣ್ಣದ ಮೇಲೆ ಇಂಥ ಗೆರೆಗಳನ್ನು ಎಷ್ಟೋ ಸಾವಿರ ಸಲ ನೋಡಿದ್ದೇನೆ. ಒಣ ಬಟ್ಟೆಯ ಕಾಯಿಗಳಲ್ಲಿ ಅವು ಇರಲಿಲ್ಲ. ಆ ಹೊತ್ತಿಗೇ ನನಗೆ ಸಾಕಷ್ಟು ಸಾಕ್ಷಿ ಸಿಕ್ಕಿತ್ತು. ಆದರೂ ಏನೂ ಹೇಳದೆ ಬಟವಾಡಿಗೆ ವಾಪಸ್ಸು ಬಂದೆ.

ಮಾರ್ಚಿ ಮೂರನೇ ವಾರಕ್ಕೆ ಆ ಹತ್ತು ಕಾಯಿಗಳ ಒಂದು ಕೆನ್ನೆ ಮಾತ್ರ ಕಂದಾಗಿತ್ತು. ಹತ್ತಿ ಎಲ್ಲಿಗೆ ನಿಂತಿತ್ತೋ ಅಲ್ಲಿಗೆ ಕಂದೂ ನಿಂತಿತ್ತು. ಉಳಿದ ತೋಟದ ಕಾಯಿ ಬಹುಮಟ್ಟಿಗೆ ನಯ. ಅಲ್ಲೊಂದು ಇಲ್ಲೊಂದು ತೊಟ್ಟಿನ ಬಳಿ ಸ್ವಲ್ಪ ಒರಟಿತ್ತು, ಇಬ್ಬನಿಯದ್ದಿರಬೇಕು.

ಭಾವನಿಗೆ ಬಹಳ ಸಂತೋಷವಾಗಿತ್ತು. ಏಪ್ರಿಲಿನ ಒಂದು ಭಾನುವಾರ ಊಟಕ್ಕೆ ಕೂತಾಗ, ಬಡಿಸುತ್ತಿದ್ದ ಅಕ್ಕನ ಎದುರಿಗೇ ನನಗೆ ಹೇಳಿದರು, "ನೋಡ್ದೇನಮ್ಮ, ಈ ವರ್ಷ ಇವಳು ತೋಟದ ಕಡೆ ತಲೆ ಹಾಕ್ಲಿಲ್ಲ. ಹಣ್ಣು ಹೆಂಗವೆ ನೋಡು."

ಅಕ್ಕನ ಕೈ ತಡೆಯಲಿಲ್ಲ. ಸಾರು ಹಾಕಿದಳು, ಪಾತ್ರೆ ತೆಗೆದುಕೊಂಡು ಅಡುಗೆಮನೆಗೆ ಹೋದಳು.

ನಾನು ಅರ್ಧ ಊಟಕ್ಕೆ ಎದ್ದು ಕೈ ತೊಳೆದುಕೊಂಡೆ. ತೋಟಕ್ಕೆ ಹೋಗಿ ಆ ಹತ್ತು ಕಾಯಿಗಳನ್ನೂ ಕಿತ್ತು, ಸೆರಗಿನಲ್ಲಿ ಹಾಕಿಕೊಂಡು ಬಂದು ಭಾವನ ಎಲೆಯ ಪಕ್ಕ ನೆಲದ ಮೇಲೆ ಸುರಿದೆ. ಇನ್ನೂ ಹಣ್ಣಾಗಿರಲಿಲ್ಲ.

"ಹಸಿಗಾಯಿ ಯಾಕ್ ಕಿತ್ತೆ?"

"ನೋಡಿ ಭಾವ. ಒಂದು ಕಡೆ ಮಾತ್ರ ಒರಟು. ಅಲ್ಲಿ ಹತ್ತು ದಿನ ಒದ್ದೆ ಹತ್ತಿ ಕಟ್ಟಿದ್ದೆ. ಸೋಪಿಲ್ಲ, ಬೇವಿನೆಣ್ಣೆ ಇಲ್ಲ. ಬೋರಿನ ನೀರು."

ಅವರು ಒಂದು ಕಾಯಿಯನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದರು. ನಯದಿಂದ ಒರಟಿಗೆ, ಒರಟಿನಿಂದ ನಯಕ್ಕೆ. ಇನ್ನೊಂದು ತೆಗೆದುಕೊಂಡರು.

"ಹೋದ್ ಸಲ ಆಗಿದ್ದು ಧೂಳು ತೊಳೆದಿದ್ದಕ್ಕೆ. ತೊಳೀರಿ ಅಂತ ಹೇಳಿದ್ದು ನಾನು. ಅಕ್ಕ ಬೇಡ ಅನ್ನೋ ಥರ ಕೇಳಿದ್ಲು. ನಾನೇ, ನೀರಿಂದ ಏನಾಗುತ್ತೆ ಅಂದೆ."

ಎಲೆಯ ಮೇಲೆ ಅನ್ನ ಆರುತ್ತಿತ್ತು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಭಾವನನ್ನು ನೋಡುತ್ತಾಳೆ ಎಂದುಕೊಂಡಿದ್ದೆ, ಅವಳು ನನ್ನನ್ನು ನೋಡಿದಳು.

"ನಿಂಗೆ ಯಾವಾಗ ಗೊತ್ತಾಯ್ತು?"

ಈ ಫೆಬ್ರವರಿಯಲ್ಲಿ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಹೋದ ವರ್ಷ ಜುಲೈನಲ್ಲಿ. ಕುಣಿಗಲ್‌ನಲ್ಲಿ ಒಬ್ರು ಹೇಳಿದ್ರು."

"ಜುಲೈ" ಎಂದಳು ಅಕ್ಕ. ಬೆರಳು ಮಡಚಿ ಎಣಿಸಲಿಲ್ಲ, ಆದರೆ ಎಣಿಸುತ್ತಿದ್ದಾಳೆ ಎಂದು ಗೊತ್ತಾಯಿತು. "ವಾರ ವಾರ ಬಂದು ಊಟ ಮಾಡ್ಕೊಂಡ್ ಹೋದೆಯಲ್ಲೇ."

ಖಚಿತ ಮಾಡಿಕೊಳ್ಳಬೇಕಿತ್ತು ಎಂಬ ಮಾತು ಬಾಯಿಗೆ ಬಂತು, ಹೇಳಲಿಲ್ಲ. ಭಾವನಿಗೆ ಗೊತ್ತಿರಲಿಲ್ಲ, ತಿಳಿದದ್ದನ್ನು ಹೇಳಿದರು; ನನಗೆ ಗೊತ್ತಿದ್ದೂ ಹೇಳಲಿಲ್ಲ. ಇಬ್ಬರಲ್ಲಿ ಯಾರದು ದೊಡ್ಡ ತಪ್ಪು ಎಂದು ಅಕ್ಕನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಭಾವ ಎದ್ದು ಕೈ ತೊಳೆದು, ಹಜಾರದ ಬೆಂಚಿನ ಮೇಲೆ ಕೂತು, "ಬಾ ಇಲ್ಲಿ, ಕೂತ್ಕೋ" ಎಂದು ಅಕ್ಕನನ್ನು ಕರೆದರು. ಅವಳು ಕೂರಲಿಲ್ಲ. "ಹಸುಗೆ ನೀರು ಇಡ್ಬೇಕು" ಎಂದು ಹಿತ್ತಲಿಗೆ ಹೋದಳು. ಅವರು ಹಿಂದೆಯೇ ಹೋದರು. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ನಾನು ಎರಡೂವರೆಯ ಬಸ್ಸಿಗೆ ಹೊರಟೆ. ಗೇಟಿನ ತನಕ ಯಾರೂ ಬರಲಿಲ್ಲ.

ಮುಂದಿನದ್ದನ್ನು ಭಾವ ಫೋನಿನಲ್ಲಿ ಹೇಳಿದರು. ಜೂನಿನಲ್ಲಿ ಹಣ್ಣು ಇಳಿಸಿ ಅದೇ ವ್ಯಾಪಾರಿಯ ಹತ್ತಿರ ಹೋದಾಗ ಅಕ್ಕನನ್ನೂ ಕರೆದುಕೊಂಡು ಹೋಗಿದ್ದರಂತೆ. ವ್ಯಾಪಾರಿ ಹಣ್ಣು ನೋಡಿ, "ಈ ಸಲ ಸೋಪು ಹಾಕ್ಲಿಲ್ವಾ ಅಮ್ಮ?" ಎಂದನಂತೆ. ಭಾವ ಅವನಿಗೆ, "ಅದು ಸೋಪಲ್ಲಪ್ಪ. ನಾನು ದಿನಾ ನೀರು ಹೊಡೆದು ಕೆಡಿಸಿದ್ದು. ಅವತ್ತು ಗೊತ್ತಿಲ್ದೆ ಇವಳ ಮೇಲೆ ಹೇಳಿಬಿಟ್ಟೆ" ಎಂದರಂತೆ. ಅವರು ನನ್ನ ಹೆಸರು ಎತ್ತಿರಲಿಲ್ಲ. ಕೇಳಿ ನನಗೆ ಹಗುರವಾಗಲಿಲ್ಲ.

ನಾನು ನಾಲ್ಕು ತಿಂಗಳು ಆ ಊರಿಗೆ ಹೋಗಲಿಲ್ಲ. ಭಾನುವಾರಗಳಲ್ಲಿ ಬಟ್ಟೆ ಒಗೆದು, ಬಟವಾಡಿಯ ಸರ್ಕಲ್ ತನಕ ನಡೆದು ಬರುತ್ತಿದ್ದೆ. ಕಾರ್ಖಾನೆಯಲ್ಲಿ ಕೆಂಪು ಚೀಟಿ ಹಚ್ಚುವಾಗ ಕೊನೆಯ ಕಾಲಂ ಬರೆಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಬಣ್ಣ ಹೊಡೆದವನದೋ, ಒಣಗಿಸಿದವನದೋ, ಅದಕ್ಕೂ ಹಿಂದೆ ತೊಳೆದವನದೋ ಎಂದು ಇಬ್ಬರು ಮೂವರನ್ನು ಕೇಳಿ ಬರೆಯುತ್ತಿದ್ದೆ. ಸೂಪರ್‌ವೈಸರ್ ಒಂದೆರಡು ಸಲ, "ಏನ್ ಮೇಡಂ, ಲೈನ್ ನಿಂತೋಗಿದೆ" ಎಂದ.

ಆಗಸ್ಟಿನಲ್ಲಿ ಅಕ್ಕನೇ ಫೋನ್ ಮಾಡಿದಳು. ಹಸು ಕರು ಹಾಕಿದೆ, ಗಿಣ್ಣು ಮಾಡಿದ್ದೀನಿ, ಬಂದರೆ ಬಾ ಎಂದಳು. ಹೋದೆ. ಗಿಣ್ಣು ತಿಂದೆವು. ಸೇಬಿನ ಮಾತು ಬರಲಿಲ್ಲ. ಹೊರಡುವಾಗ ಮಾತ್ರ, ನನ್ನ ಕಡೆ ನೋಡದೆ, ಕರುವಿನ ಮೈ ಒರೆಸುತ್ತಾ ಹೇಳಿದಳು, "ಏನಾದ್ರೂ ಗೊತ್ತಾದ್ರೆ ಅವತ್ತೇ ಹೇಳು ಕಣೇ. ತಪ್ಪಾದ್ರೂ ಪರ್ವಾಗಿಲ್ಲ."

ಈ ವರ್ಷ ಜನವರಿ ಕೊನೆಗೆ, ಕಾಯಿ ಕಚ್ಚಿದ ಮೇಲೆ, ಮೋಡ ಕವಿದು ಐದು ದಿನ ಬಿಡದೆ ಜಡಿಮಳೆ ಹಿಡಿಯಿತು. ಆ ಐದು ದಿನವೂ ಬಿಸಿಲು ಬರಲಿಲ್ಲ. ಈಗ ತೋಟದ ಯಜಮಾನಿಕೆ ಪೂರ್ತಿ ಅಕ್ಕನದು. ಮಳೆ ನಿಂತ ಹೊತ್ತಿನಲ್ಲಿ ಅವಳು ಮತ್ತು ಭಾವ ಸಾಲಿನಲ್ಲಿ ನಡೆದು, ನೀರು ಉದುರಲೆಂದು ಕೊಂಬೆಗಳನ್ನು ಮೆಲ್ಲಗೆ ಅಲ್ಲಾಡಿಸಿದರಂತೆ. ಅಷ್ಟರಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಮಾರ್ಚಿನಲ್ಲಿ ನಾನು ಹೋದಾಗ ಅರ್ಧಕ್ಕರ್ಧ ಕಾಯಿ ಕಂದಾಗಿತ್ತು.

ಭಾವ ಒಂದು ಗಿಡದ ಕೆಳಗೆ ನಿಂತು ಕಾಯಿ ತಿರುಗಿಸಿ ನೋಡುತ್ತಾ, "ಈ ಸಲ ಯಾರ ತಪ್ಪೂ ಇಲ್ಲ ಬುಡು" ಎಂದರು.

"ತಪ್ಪು ಹುಡುಕೋಕೆ ಬಂದಿದೀರಾ, ಕೊಂಬೆಗೆ ಊರುಗೋಲು ಕೊಡೋಕೆ ಬಂದಿದೀರಾ?" ಎಂದು ಅಕ್ಕ ಕೇಳಿದಳು. ಭಾವ ಕೈಯಲ್ಲಿದ್ದ ಬಿದಿರಿನ ಕೋಲನ್ನು ನೆಲಕ್ಕೆ ಊರಿದರು. ನಾನು ಕೊಂಬೆ ಎತ್ತಿ ಹಿಡಿದೆ.

ನಯವಾದ ಹಣ್ಣು ತುಮಕೂರಿಗೆ ಹೋಯಿತು. ಒರಟು ಹಣ್ಣನ್ನು ಅಕ್ಕ ಗುಬ್ಬಿಗೆ ತೆಗೆದುಕೊಂಡು ಹೋಗಿ, ಬಸ್ ಸ್ಟ್ಯಾಂಡಿನ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತಳು. ಒಂದು ಭಾನುವಾರ ನಾನೂ ಜೊತೆಗಿದ್ದೆ. ಯಾರಾದರೂ ಇದೇನು ಹಣ್ಣು ಎಂದು ನಿಂತರೆ ಅವಳು ಹೆಸರು ಹೇಳುತ್ತಿರಲಿಲ್ಲ; ಒಂದು ಹೋಳು ಕುಯ್ದು ಕೈಗೆ ಕೊಡುತ್ತಿದ್ದಳು. ಕೆಲವರು ತಿಂದು ಹೋದರು, ಕೆಲವರು ತಿಂದು ಕೊಂಡರು. ಮಧ್ಯಾಹ್ನದ ಹೊತ್ತಿಗೆ ಬುಟ್ಟಿಯ ತಳ ಕಾಣುತ್ತಿತ್ತು. ನನ್ನ ಬಸ್ಸು ಬಂತು. ಅಕ್ಕ ಒಬ್ಬ ಕಾಲೇಜು ಹುಡುಗಿಗೆ ಹಣ್ಣು ತೂಗುತ್ತಿದ್ದಳು, ತಲೆ ಎತ್ತದೆ "ಹೋಗ್ಬುಟ್ಟು ಬಾ" ಎಂದಳು.